ಚಾಣ ಸಾಕಿದ ಹುಡುಗನೂ ಬೆಳವಲದ ಹುಡುಗರೂ

(ಉಪನ್ಯಾಸದ ಬರಹ ರೂಪ)



ಚಳಿಗಾಲ ಬಂತೆಂದರೆ ರೋಣ, ನರಗುಂದ, ಗಜೇಂದ್ರಗಡದ ಕಡೆಯ ಎರಿ ಹೊಲಗಳ ಮೇಲೆ ಒಂದು ಸಣ್ಣ ಬೇಟೆಹಕ್ಕಿ ಕಾಣಿಸಿಕೊಳ್ಳುತ್ತದೆ. ಕಡಲೆ, ಬಿಳಿಜೋಳ ಬೆಳೆದು ನಿಂತ ಹೊಲದ ಮೇಲೆ, ಗಾಳಿಗೆ ಎದುರಾಗಿ, ನಿಂತಲ್ಲೇ ರೆಕ್ಕೆ ಬಡಿಯುತ್ತ ಅದು ನೆಲವನ್ನು ದಿಟ್ಟಿಸುತ್ತದೆ. ಇಲಿಯೋ ಮಿಡತೆಯೋ ಕಂಡರೆ ಕಲ್ಲು ಬಿದ್ದಂತೆ ಕೆಳಗಿಳಿಯುತ್ತದೆ. ಗಿಡುಗನ ಬಳಗದ ಈ ಹಕ್ಕಿಗೆ ಕನ್ನಡದಲ್ಲಿ ಚಾಣ ಎಂಬ ಹೆಸರಿದೆ. ದನ ಕಾಯುವ ಹುಡುಗರು ಇದನ್ನು ಬಲ್ಲರು. ಶಾಲೆಯ ಪರೀಕ್ಷೆಯಲ್ಲಿ ಇದರ ಬಗ್ಗೆ ಯಾರೂ ಅವರನ್ನು ಕೇಳುವುದಿಲ್ಲ.

ಇದೇ ಹಕ್ಕಿಯನ್ನು ಇಂಗ್ಲೆಂಡಿನ ಒಬ್ಬ ಬಡ ಹುಡುಗ ಹಿಡಿದು ಸಾಕಿದ ಕಥೆಯೊಂದು ಚಲನಚಿತ್ರವಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾಯಿತು. ಚಿತ್ರದ ಹೆಸರು ‘ಕೆಸ್’. ಕೆನ್ ಲೋಚ್ ನಿರ್ದೇಶಿಸಿದ 1969ರ ಚಿತ್ರ ಇದು. ದುಡಿಯುವ ವರ್ಗದ ಹುಡುಗರು ಪ್ರಾಯಕ್ಕೆ ಬರುವ ಕಥೆಗಳಲ್ಲಿ ಇಷ್ಟು ನೇರವಾದ, ಇಷ್ಟು ನಿಷ್ಠುರವಾದ ಚಿತ್ರಗಳು ವಿರಳ. ಅದನ್ನು ಬೆಳವಲದ ನೆಲದಲ್ಲಿ ನಿಂತು ನೋಡಿದರೆ ಏನು ಕಾಣುತ್ತದೆ, ಕನ್ನಡದಲ್ಲಿ ಅದಕ್ಕೆ ಅಣ್ಣತಮ್ಮಂದಿರಾದ ಚಿತ್ರಗಳು ಯಾವುವು ಎಂಬುದು ಇಲ್ಲಿಯ ವಿಚಾರ.

ಮೊದಲು ಕಥೆ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಬಾರ್ನ್ಸ್‌ಲಿ ಎಂಬ ಕಲ್ಲಿದ್ದಲ ಊರು. ಅಲ್ಲಿ ಬಿಲ್ಲಿ ಕ್ಯಾಸ್ಪರ್ ಎಂಬ 15ರ ಹುಡುಗ. ತಂದೆ ಮನೆ ಬಿಟ್ಟು ಹೋಗಿದ್ದಾನೆ. ಅಣ್ಣ ಜಡ್ ಗಣಿಯಲ್ಲಿ ದುಡಿಯುತ್ತಾನೆ, ಕುಡಿಯುತ್ತಾನೆ, ತಮ್ಮನನ್ನು ಹೊಡೆಯುತ್ತಾನೆ. ಇಬ್ಬರಿಗೂ ಒಂದೇ ಹಾಸಿಗೆ. ಬಿಲ್ಲಿ ನಸುಕಿನಲ್ಲಿ ಎದ್ದು ಮನೆಮನೆಗೆ ಪತ್ರಿಕೆ ಹಾಕಿ ಶಾಲೆಗೆ ಹೋಗುತ್ತಾನೆ. ಅಲ್ಲಿ ತೂಕಡಿಸುತ್ತಾನೆ, ಬೈಸಿಕೊಳ್ಳುತ್ತಾನೆ. ಒಂದು ದಿನ ಹಳೆಯ ಗೋಡೆಯ ಬಿರುಕಿನಲ್ಲಿ ಚಾಣದ ಗೂಡು ನೋಡುತ್ತಾನೆ. ಮರಿಯನ್ನು ತಂದು ಸಾಕುತ್ತಾನೆ. ಹಕ್ಕಿ ಪಳಗಿಸುವ ವಿದ್ಯೆಯ ಪುಸ್ತಕ ಗ್ರಂಥಾಲಯದಲ್ಲಿ ಸುಲಭಕ್ಕೆ ಸಿಗದೆ ಹೋದಾಗ ಅಂಗಡಿಯಿಂದ ಕದ್ದು ತರುತ್ತಾನೆ. ಓದಿನಲ್ಲಿ ಹಿಂದೆ ಎನಿಸಿಕೊಂಡ ಹುಡುಗ ಆ ಪುಸ್ತಕವನ್ನು ಅಕ್ಷರ ಬಿಡದೆ ಓದುತ್ತಾನೆ.

ಅಣ್ಣ ಕುದುರೆ ಜೂಜಿಗೆ ಕಟ್ಟೆಂದು ಹಣ ಕೊಟ್ಟು ಹೋಗಿರುತ್ತಾನೆ. ಬಿಲ್ಲಿ ಕಟ್ಟುವುದಿಲ್ಲ. ಕುದುರೆಗಳು ಗೆದ್ದುಬಿಡುತ್ತವೆ. ಕೈಗೆ ಬರಬೇಕಾದ ಹಣ ಹೋಯಿತೆಂಬ ಸಿಟ್ಟಿಗೆ ಜಡ್ ಆ ಹಕ್ಕಿಯನ್ನು ಕೊಂದು ಕಸದ ಡಬ್ಬಿಗೆ ಎಸೆಯುತ್ತಾನೆ. ಬಿಲ್ಲಿ ಅದನ್ನು ಹುಡುಕಿ ತೆಗೆದು ಮಣ್ಣು ಮಾಡುತ್ತಾನೆ. ಚಿತ್ರ ಅಲ್ಲಿಗೇ ಮುಗಿಯುತ್ತದೆ. ಹುಡುಗ ಮುಂದೆ ದೊಡ್ಡವನಾಗಿ ಗೆದ್ದ ಎಂಬ ಸಮಾಧಾನವನ್ನು ನಿರ್ದೇಶಕ ಕೊಡುವುದಿಲ್ಲ.

ಚಿತ್ರಕ್ಕೆ ಆಧಾರವಾದದ್ದು ಬ್ಯಾರಿ ಹೈನ್ಸ್ 1968ರಲ್ಲಿ ಬರೆದ ಕಾದಂಬರಿ. ಹೈನ್ಸ್ ಅದೇ ಸೀಮೆಯ ಗಣಿ ಕಾರ್ಮಿಕರ ಮನೆಯವರು, ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದವರು. ಅವರ ತಮ್ಮ ರಿಚರ್ಡ್ ಸ್ವತಃ ಚಾಣ ಸಾಕಿದ್ದವರು. ಚಿತ್ರಕ್ಕೆ ಬೇಕಾದ ಹಕ್ಕಿಗಳನ್ನು ಪಳಗಿಸಿ ಕೊಟ್ಟವರೂ ಅವರೇ. ಕಾದಂಬರಿಯ ಮೂಲ ಹೆಸರಿನಲ್ಲೊಂದು ಕುಟುಕು ಇದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಯಾವ ದರ್ಜೆಯ ಮನುಷ್ಯ ಯಾವ ಬೇಟೆಹಕ್ಕಿಯನ್ನು ಕೈಮೇಲೆ ಕೂಡಿಸಿಕೊಳ್ಳಬಹುದು ಎಂಬುದಕ್ಕೆ ಒಂದು ಪಟ್ಟಿ ಇತ್ತು. ಚಕ್ರವರ್ತಿಗೆ ಹದ್ದು, ಇಳಿಯುತ್ತ ಇಳಿಯುತ್ತ ಕಟ್ಟಕಡೆಗೆ ಆಳುಮಗನಿಗೆ ಚಾಣ. ಹುಟ್ಟಿನಿಂದಲೇ ಯಾರಿಗೆ ಯಾವುದು ಎಂದು ನಿಗದಿ ಮಾಡುವ ಇಂಥ ಪಟ್ಟಿಗಳ ಪರಿಚಯ ಈ ದೇಶದವರಿಗೆ ಯಾರೂ ಮಾಡಿಕೊಡಬೇಕಾಗಿಲ್ಲ.

ಬಿಲ್ಲಿಯ ಕಾಲಕ್ಕೆ ಆ ಪಟ್ಟಿ ಬೇರೆ ವೇಷ ಹಾಕಿತ್ತು. 1944ರ ಶಿಕ್ಷಣ ಕಾಯ್ದೆಯ ನಂತರ ಇಂಗ್ಲೆಂಡಿನ ಮಕ್ಕಳಿಗೆ 11ನೆಯ ವಯಸ್ಸಿನ ಸುಮಾರಿಗೆ ಒಂದು ಪರೀಕ್ಷೆ ನಡೆಯುತ್ತಿತ್ತು. ಪಾಸಾದವರು ಗ್ರಾಮರ್ ಶಾಲೆಗೆ. ಅಲ್ಲಿಂದ ಕಾಲೇಜು, ಕಚೇರಿ. ಉಳಿದ ಬಹುಪಾಲು ಮಕ್ಕಳು ಸೆಕೆಂಡರಿ ಮಾಡರ್ನ್ ಎಂಬ ಶಾಲೆಗೆ. ಅಲ್ಲಿಂದ 15ಕ್ಕೆ ಹೊರಬಿದ್ದು ಗಣಿಗೆ, ಕಾರ್ಖಾನೆಗೆ. ಶಾಲೆ ಬಿಡುವ ವಯಸ್ಸು 16ಕ್ಕೆ ಏರಿದ್ದು 1972ರಲ್ಲಿ. ಎಂದರೆ 11 ವರ್ಷದ ಕೂಸಿನ ಹಣೆಬರಹವನ್ನು ಒಂದು ಪರೀಕ್ಷೆ ಬರೆದುಬಿಡುತ್ತಿತ್ತು. ಚಿತ್ರದಲ್ಲಿ ಉದ್ಯೋಗಾಧಿಕಾರಿಯೊಬ್ಬ ಬಿಲ್ಲಿಯನ್ನು ಕೂಡಿಸಿಕೊಂಡು ಯಾವ ಕೆಲಸಕ್ಕೆ ಹೋಗುತ್ತೀ ಎಂದು ಕೇಳುತ್ತಾನೆ. ಗಣಿಗೆ ಮಾತ್ರ ಹೋಗುವುದಿಲ್ಲ ಎನ್ನುತ್ತಾನೆ ಹುಡುಗ. ಆದರೆ ಬೇರೆ ಯಾವ ಬಾಗಿಲು ತೆರೆದಿದೆ ಎಂಬುದು ಅವನಿಗೂ ತಿಳಿಯದು, ಕೇಳುವವನಿಗೂ ತಿಳಿಯದು.

ಈ ಚಿತ್ರದ ಬಲವೆಲ್ಲ ಅದನ್ನು ತೆಗೆದ ರೀತಿಯಲ್ಲಿದೆ. ಬಿಲ್ಲಿಯಾಗಿ ನಟಿಸಿದ ಡೇವಿಡ್ ಬ್ರ್ಯಾಡ್ಲಿ ಬಾರ್ನ್ಸ್‌ಲಿಯ ಶಾಲೆಯೊಂದರ ವಿದ್ಯಾರ್ಥಿ. ಚಿತ್ರೀಕರಣ ನಡೆದದ್ದೂ ಅದೇ ಶಾಲೆಯಲ್ಲಿ. ಮಕ್ಕಳನ್ನು ಕಾಲ್ಚೆಂಡಾಟದ ಅಂಗಳದಲ್ಲಿ ಗೋಳು ಹುಯ್ದುಕೊಳ್ಳುವ ವ್ಯಾಯಾಮ ಮಾಸ್ತರನ ಪಾತ್ರ ಮಾಡಿದ ಬ್ರಯಾನ್ ಗ್ಲೋವರ್ ನಿಜ ಜೀವನದಲ್ಲಿ ಶಿಕ್ಷಕ, ಜೊತೆಗೆ ಕುಸ್ತಿಪಟು. ಕ್ರಿಸ್ ಮೆಂಗಸ್ ಅವರ ಕ್ಯಾಮೆರಾ ದೂರದಲ್ಲಿ ನಿಂತು, ಹುಡುಗರ ನಡುವೆ ತಲೆ ಹಾಕದೆ, ಇದ್ದದ್ದನ್ನು ಇದ್ದಂತೆ ನೋಡುತ್ತದೆ. ಮುಖ್ಯೋಪಾಧ್ಯಾಯ ಬೆತ್ತ ಬೀಸುವ ದೃಶ್ಯದಲ್ಲಿ ಏಟುಗಳು ಮಕ್ಕಳ ಅಂಗೈ ಮೇಲೆ ನಿಜವಾಗಿಯೇ ಬಿದ್ದವು. ಸತ್ಯಕ್ಕಾಗಿ ಮಗುವಿನ ಕೈಯನ್ನು ನೋಯಿಸಬಹುದೇ ಎಂಬ ಪ್ರಶ್ನೆಗೆ ಚಿತ್ರವನ್ನು ಮೆಚ್ಚುವವರೂ ಉತ್ತರ ಹೇಳಬೇಕಾಗುತ್ತದೆ.

ಇನ್ನೊಂದು ಸಂಗತಿ ಈ ಸೀಮೆಯವರಿಗೆ ವಿಶೇಷವಾಗಿ ಗಮನಾರ್ಹ. ಚಿತ್ರದ ಮಾತೆಲ್ಲ ಯಾರ್ಕ್‌ಷೈರಿನ ಆಡುನುಡಿ. ಅದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ ಎಂಬ ಭಯದಿಂದ ಹೊರದೇಶಗಳ ಪ್ರತಿಗೆ ಕೆಲವು ಮಾತುಗಳನ್ನು ಮೆದುಗೊಳಿಸಿ ಮತ್ತೆ ಧ್ವನಿ ಕೊಡಿಸಬೇಕಾಯಿತು. ಚಿತ್ರಮಂದಿರಗಳಲ್ಲಿ ಅದು ಮೊದಲು ತೆರೆಕಂಡದ್ದು ಲಂಡನ್ನಿನಲ್ಲಲ್ಲ, ಯಾರ್ಕ್‌ಷೈರ್ ಕಡೆಯ ಊರುಗಳಲ್ಲಿ. ಅಲ್ಲಿಯ ಜನ ತಮ್ಮ ಮಾತನ್ನು, ತಮ್ಮ ಬೀದಿಯನ್ನು, ತಮ್ಮ ಮಕ್ಕಳನ್ನು ಪರದೆಯ ಮೇಲೆ ಕಂಡರು. ಮುಂದೆ 1999ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 20ನೆಯ ಶತಮಾನದ ಶ್ರೇಷ್ಠ ಬ್ರಿಟಿಷ್ ಚಿತ್ರಗಳನ್ನು ಆಯ್ದಾಗ ‘ಕೆಸ್’ಗೆ 7ನೆಯ ಸ್ಥಾನ ಸಿಕ್ಕಿತು. ಆಡುನುಡಿ ಅಡ್ಡಿಯಾಗಲಿಲ್ಲ, ಅದೇ ಚಿತ್ರದ ಉಸಿರಾಯಿತು.

ಇನ್ನು ಕನ್ನಡಕ್ಕೆ ಬರೋಣ. ಕನ್ನಡ ಚಿತ್ರಗಳಲ್ಲಿ ಗಂಡುಗನ್ನಡ ಬಹಳ ಕಾಲ ನಗೆ ಹುಟ್ಟಿಸುವ ಪಾತ್ರಗಳ ಮಾತಾಗಿತ್ತು. ನಾಯಕ ಒಂದು ಕನ್ನಡ ಆಡುತ್ತಿದ್ದ; ಅವನ ಆಳೋ, ಹಳ್ಳಿಯ ದಡ್ಡನೋ ಧಾರವಾಡ ಕಡೆಯ ಕನ್ನಡ ಆಡುತ್ತಿದ್ದ. ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಷರೀಫ’ (1990), ‘ನಾಗಮಂಡಲ’ (1997) ಮುಂತಾದ ಕೆಲವು ಚಿತ್ರಗಳು ಈ ನುಡಿಗೆ ಅದರ ಮರ್ಯಾದೆಯನ್ನು ಕೊಟ್ಟವು. ಆದರೆ ಒಂದು ಕಡೆ ಸಂತನ ಚರಿತ್ರೆ, ಇನ್ನೊಂದು ಕಡೆ ಜಾನಪದ ಕಥೆ. ರೋಣದ ಬಸ್ ನಿಲ್ದಾಣದಲ್ಲಿ ಚೀಲ ಹೊತ್ತು ನಿಂತ ಹದಿನೈದರ ಹುಡುಗ ಅಲ್ಲಿ ಇರಲಿಲ್ಲ.

ಅಂಥ ಹುಡುಗನಿಗೆ ಹತ್ತಿರದವನು ಕೊಟ್ರೇಶಿ. ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ 1994ರಲ್ಲಿ ‘ಕೊಟ್ರೇಶಿ ಕನಸು’ ತೆಗೆದರು. ಹಳ್ಳಿಯ ದಲಿತ ಹುಡುಗನೊಬ್ಬ ಪರೀಕ್ಷೆಯಲ್ಲಿ ಮೇಲಾಗಿ ಪಾಸಾಗುತ್ತಾನೆ, ಮುಂದೆ ಓದಬೇಕೆನ್ನುತ್ತಾನೆ. ಊರಿಗೆ ಅದೇ ಒಂದು ಸಮಸ್ಯೆಯಾಗುತ್ತದೆ. ಬಿಲ್ಲಿ ಪರೀಕ್ಷೆಯ ಜರಡಿಯಲ್ಲಿ ಕೆಳಗೆ ಬಿದ್ದವನು. ಕೊಟ್ರೇಶಿ ಜರಡಿಯ ಮೇಲೆ ಉಳಿದವನು. ಆದರೂ ಇಬ್ಬರ ದಾರಿಗೂ ಕಲ್ಲು ಅಡ್ಡ. ಇಂಗ್ಲೆಂಡಿನಲ್ಲಿ ಫೇಲಾದದ್ದು ಹುಡುಗನ ತಪ್ಪಾಯಿತು. ಇಲ್ಲಿ ಪಾಸಾದದ್ದೇ ತಪ್ಪಾಯಿತು. ಈ ಚಿತ್ರ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು.

ರಾಮಚಂದ್ರ ಪಿ.ಎನ್. ಅವರ ‘ಪುಟಾಣಿ ಪಾರ್ಟಿ’ (2009) ಇನ್ನೂ ಹತ್ತಿರದ್ದು. ಧಾರವಾಡ ಜಿಲ್ಲೆಯ ಹಳ್ಳಿಯಲ್ಲಿ, ಅಲ್ಲಿಯ ಮಾತಿನಲ್ಲೇ ನಡೆಯುವ ಚಿತ್ರ. ಮಕ್ಕಳ ಗ್ರಾಮ ಪಂಚಾಯಿತಿಯೊಂದು ಅಲ್ಲಿದೆ. ಮಕ್ಕಳು ಆಟಕ್ಕೆಂದು ಕೂತರೆ ದೊಡ್ಡವರಿಗೆ ಸಂತೋಷ. ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಊರಿನ ಕುಂದುಕೊರತೆ ಎತ್ತಿದರೆ ದೊಡ್ಡವರಿಗೆ ಇರುಸುಮುರುಸು. ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಇದಕ್ಕೂ ಬಂದಿತು.

ರಾಮ್ ರೆಡ್ಡಿ ಅವರ ‘ತಿಥಿ’ (2015) ಮಂಡ್ಯ ಸೀಮೆಯದು. ನೊದೆಕೊಪ್ಪಲು ಎಂಬ ಹಳ್ಳಿಯಲ್ಲಿ, ಎಂದೂ ಬಣ್ಣ ಹಚ್ಚದ ಜನರನ್ನೇ ಇಟ್ಟುಕೊಂಡು ತೆಗೆದದ್ದು. ಚಿತ್ರಕಥೆಯಲ್ಲಿ ಪಾಲುಗೊಂಡ ಈರೇಗೌಡರು ಆ ನೆಲವನ್ನು ಒಳಗಿನಿಂದ ಬಲ್ಲವರು. 101 ವರ್ಷದ ಅಜ್ಜ ಸತ್ತಿದ್ದಾನೆ. ಅವನ ಮಗ ಗಡ್ಡಪ್ಪನಿಗೆ ಯಾವುದೂ ಬೇಡ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಬೇಕು. ಇವರೆಲ್ಲರ ಹಿಂದೆ ಮರಿಮೊಮ್ಮಗ ಅಭಿ, ಹೇಳಿದ ಕೆಲಸ ಬಿಟ್ಟು ಕುರಿಗಾರರ ಹುಡುಗಿಯ ಬೆನ್ನು ಹತ್ತಿ ತಿರುಗುತ್ತಾನೆ. ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಚಿನ್ನದ ಚಿರತೆ ಪ್ರಶಸ್ತಿ ಪಡೆದ ಈ ಚಿತ್ರವನ್ನು ಜನ ಮುದುಕರಿಗಾಗಿ ನೆನೆಯುತ್ತಾರೆ. ಅಭಿಗಾಗಿಯೂ ನೆನೆಯಬೇಕು. ಹೊಲ ಅವನಿಗೆ ಬೇಡ, ಪಟ್ಟಣ ಅವನನ್ನು ಕರೆದಿಲ್ಲ; ನಡುವೆ ಕೈಯಲ್ಲೊಂದು ಮೊಬೈಲು. ಇಂಥ ಹುಡುಗರು ಇಂದು ಪ್ರತಿ ಊರಿನ ಕಟ್ಟೆಯ ಮೇಲೂ ಇದ್ದಾರೆ.

ಉತ್ಸವ್ ಗೋನವಾರ ಅವರ ‘ಫೋಟೋ’ 2024ರಲ್ಲಿ ತೆರೆಗೆ ಬಂದಿತು. ರಾಯಚೂರು ಸೀಮೆಯ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕೂಲಿ. ಹುಡುಗ ಅಲ್ಲಿಗೆ ಹೋಗುವ ಹೊತ್ತಿಗೆ 2020ರ ಮಾರ್ಚ್, ಲಾಕ್‌ಡೌನ್. ಅಪ್ಪ ಮಗ ಊರ ಕಡೆ ನಡೆಯತೊಡಗುತ್ತಾರೆ. ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳಿರುವ ಗಜೇಂದ್ರಗಡ, ರೋಣ ಕಡೆಯ ಊರು ತಾಂಡಾಗಳಲ್ಲಿ ಈ ಕಥೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಸೀಮೆಯ ಹೆಸರು ಪರದೆಯ ಮೇಲೆ ಬಂದೇ ಇಲ್ಲವೆಂದಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದದಲ್ಲಿ ಎದ್ದ ಬಂಡಾಯ, ಅಂದು ನಡೆದ ಗೋಲಿಬಾರು ರಾಜ್ಯದ ರಾಜಕಾರಣವನ್ನೇ ಅಲುಗಿಸಿತು. 2020ರಲ್ಲಿ ‘ನರಗುಂದ ಬಂಡಾಯ’ ಎಂಬ ಹೆಸರಿನಲ್ಲೇ ಒಂದು ಚಿತ್ರ ಬಂದಿತು. ಹುತಾತ್ಮರ ಕಥೆ ಹೇಳಬೇಕಾದದ್ದೇ. ಆದರೆ ಬಂಡಾಯದ ಮರುದಿನವೂ ದನಕ್ಕೆ ನೀರು ಕುಡಿಸಿ ಶಾಲೆಗೆ ಹೋದ ಹುಡುಗನ ಕಥೆ ಬೇರೆ ಬಗೆಯದು. ಅದಕ್ಕೆ ನಾಯಕ ಬೇಡ. ನೋಡುವ ಕಣ್ಣು ಬೇಕು.

ಈ ನೆಲದ ಒಬ್ಬ ಹುಡುಗನ ಕಥೆಯಂತೂ ಜಗತ್ತಿಗೇ ಗೊತ್ತು. ರೋಣದಲ್ಲಿ 1922ರಲ್ಲಿ ಶಿಕ್ಷಕರೊಬ್ಬರ ಮನೆಯಲ್ಲಿ ಹುಟ್ಟಿದ ಭೀಮಸೇನ ಜೋಶಿ, ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮರುಳಾದ ಹುಡುಗ. 1933ರಲ್ಲಿ, 11ನೆಯ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿದ. ಕೈಯಲ್ಲಿ ಕಾಸಿಲ್ಲ, ರೈಲಿನಲ್ಲಿ ಹಾಡುತ್ತ, ಟಿಕೆಟ್ಟಿಲ್ಲದೆ ಗ್ವಾಲಿಯರಿನವರೆಗೆ, ಮುಂದೆ ಜಲಂಧರದವರೆಗೆ ಹೋದ. ಜಲಂಧರದಲ್ಲಿ ಹಿರಿಯ ಗಾಯಕ ವಿನಾಯಕರಾವ್ ಪಟವರ್ಧನರು ಆ ಹುಡುಗನನ್ನು ಕಂಡು, ನಿನ್ನ ಸೀಮೆಯಲ್ಲೇ ಸವಾಯಿ ಗಂಧರ್ವರಿರುವಾಗ ಇಲ್ಲೇಕೆ ಅಲೆಯುತ್ತೀ ಎಂಬರ್ಥದ ಬುದ್ಧಿ ಹೇಳಿದರು. ಹುಡುಗ ತಿರುಗಿ ಬಂದು ಕುಂದಗೋಳದಲ್ಲಿ ಗುರುಸೇವೆಗೆ ನಿಂತ. ಮುಂದಿನದು ಇತಿಹಾಸ, 2008ರಲ್ಲಿ ಭಾರತರತ್ನ ಘೋಷಣೆಯಾದದ್ದೂ ಅದರಲ್ಲೊಂದು ಸಾಲು.

ಇದನ್ನು ಗೆದ್ದವರ ಕಥೆಯೆಂದು ಹೇಳಿ ಮುಗಿಸುವುದು ಸುಲಭ. ಆದರೆ ಪೃಥ್ವಿ ಕೊಣನೂರು ಅವರ ‘ರೈಲ್ವೇ ಚಿಲ್ಡ್ರನ್’ (2016) ಎಂಬ ಕನ್ನಡ ಚಿತ್ರದ ಪಕ್ಕ ಇಟ್ಟು ನೋಡಿದರೆ ಎದೆ ಜಗ್ಗುತ್ತದೆ. ಅಲ್ಲಿಯೂ ಹುಡುಗರು ಮನೆ ಬಿಟ್ಟು ರೈಲ್ವೆ ನಿಲ್ದಾಣಕ್ಕೆ ಬಂದು ಬೀಳುತ್ತಾರೆ. ಅಲ್ಲಿ ಅವರನ್ನು ಹಿಡಿಯುವವರು ದುಡಿಸಿಕೊಳ್ಳುವವರು. ಅದೇ ರೈಲು, ಅದೇ ಹಸಿವು, ಹೆಚ್ಚುಕಡಿಮೆ ಅದೇ ವಯಸ್ಸು. ಒಬ್ಬ ಹುಡುಗನಿಗೆ ದಾರಿಯಲ್ಲಿ ಪಟವರ್ಧನರು ಸಿಕ್ಕರು, ಉಳಿದವರಿಗೆ ಸಿಗಲಿಲ್ಲ. ಅಕ್ಷರಸ್ಥರ ಮನೆತನ, ಮಗನನ್ನು ಹುಡುಕಿಸುವ ತಂದೆ, ಕಲಿಸಲು ಒಪ್ಪುವ ಗುರು – ಇವೆಲ್ಲ ಇದ್ದಾಗ ಮಾತ್ರ ಓಡಿಹೋದದ್ದು ಸಾಹಸವೆನಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಅದು ಕಾಣೆಯಾದವರ ಪಟ್ಟಿಯಲ್ಲೊಂದು ಹೆಸರು.

‘ಕೆಸ್’ನಲ್ಲಿಯೂ ಇಂಥದೊಂದು ಗಳಿಗೆ ಇದೆ. ಫಾರ್ದಿಂಗ್ ಎಂಬ ಶಿಕ್ಷಕ ತರಗತಿಯಲ್ಲಿ ನಿಜ ಸಂಗತಿಗೂ ಕಟ್ಟುಕಥೆಗೂ ಇರುವ ವ್ಯತ್ಯಾಸ ಪಾಠ ಮಾಡುತ್ತಿರುತ್ತಾನೆ. ಮೂಲೆಯಲ್ಲಿ ಕೂತ ಬಿಲ್ಲಿಯನ್ನು ಎಬ್ಬಿಸಿ ಏನಾದರೂ ಹೇಳು ಎನ್ನುತ್ತಾನೆ. ಹುಡುಗ ತೊದಲುತ್ತ ಹಕ್ಕಿಯ ಮಾತು ತೆಗೆಯುತ್ತಾನೆ. ಕಾಲಿಗೆ ಕಟ್ಟುವ ಚರ್ಮದ ಪಟ್ಟಿ, ಕೈಗವಸು, ಉದ್ದನೆಯ ದಾರ, ಮೊದಲ ಸಲ ದಾರ ಬಿಚ್ಚಿ ಹಾರಿಸಿದಾಗ ಎದೆ ಹೊಡೆದುಕೊಂಡದ್ದು – ಒಂದೊಂದಾಗಿ ಬಿಡಿಸಿ ಹೇಳುತ್ತಾನೆ. ಇಡೀ ತರಗತಿ ಬೆರಗಾಗಿ ಕೇಳುತ್ತದೆ. ಶಿಕ್ಷಕನೇ ವಿದ್ಯಾರ್ಥಿಯಾಗುತ್ತಾನೆ, ಮುಂದೆ ಹೊಲಕ್ಕೆ ಬಂದು ಹಕ್ಕಿ ಹಾರುವುದನ್ನು ನೋಡುತ್ತಾನೆ. ಬಿಲ್ಲಿಯ ಬದುಕಿನಲ್ಲಿ ‘ನಿನಗೆ ಏನು ಬರುವುದಿಲ್ಲ’ ಎಂದು ಕೇಳಿದವರೇ ಎಲ್ಲ. ‘ನಿನಗೆ ಏನು ಬರುತ್ತದೆ’ ಎಂದು ಕೇಳಿದವನು ಇವನೊಬ್ಬ.

ಆ ಒಂದು ಪ್ರಶ್ನೆ ಬಿಲ್ಲಿಯನ್ನು ಉಳಿಸಲಿಲ್ಲ ಎಂಬುದನ್ನೂ ಮರೆಯಬಾರದು. ಒಳ್ಳೆಯ ಮಾಸ್ತರರಿದ್ದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ಲೋಚ್ ಹೇಳುವುದಿಲ್ಲ. ಮನೆಯಲ್ಲಿ ಕೂಳಿಲ್ಲ, ಊರಿನಲ್ಲಿ ಗಣಿ ಬಿಟ್ಟರೆ ಕೆಲಸವಿಲ್ಲ. ಆ ಗಣಿಯೂ ಉಳಿಯಲಿಲ್ಲ. 1984–85ರ ದೊಡ್ಡ ಮುಷ್ಕರ ಸೋತ ಮೇಲೆ ಯಾರ್ಕ್‌ಷೈರಿನ ಗಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಿಂಗ್ಲಿಯ ಆಳದ ಗಣಿ, ದೇಶದಲ್ಲೇ ಕೊನೆಯದು, 2015ರ ಡಿಸೆಂಬರಿನಲ್ಲಿ ಮುಚ್ಚಿತು. ಬಿಲ್ಲಿ ಹೋಗಲೊಲ್ಲೆ ಎಂದ ಕೆಲಸ, ಅವನ ವಾರಿಗೆಯವರು ನಡುವಯಸ್ಸಿಗೆ ಬರುವ ಹೊತ್ತಿಗೆ, ಬೇಕೆಂದರೂ ಸಿಗದಂತಾಯಿತು.

ಗಜೇಂದ್ರಗಡದ ಕೈಮಗ್ಗವನ್ನು ಇಲ್ಲಿ ನೆನೆಯಬೇಕು. ಸವದತ್ತಿಯ ಎಲ್ಲಮ್ಮನ ಭಕ್ತರೊಡನೆ ನಂಟಿರುವ ಪಟ್ಟೇದ ಅಂಚಿನ ಸೀರೆ ಆ ಊರಿನ ಮಗ್ಗದ್ದು. ಇತ್ತೀಚಿನ ವರ್ಷಗಳಲ್ಲಿ ಅದಕ್ಕೆ ಮತ್ತೆ ಜೀವ ತುಂಬುವ ಯತ್ನ ನಡೆದಿದೆ. ನೇಕಾರರ ಮನೆಯ ಹುಡುಗ ಕಂಡಿಕೆ ಸುತ್ತುತ್ತ ಬೆಳೆಯುತ್ತಾನೆ. ಹಾಸು ಯಾವುದು, ಹೊಕ್ಕು ಯಾವುದು, ಎಳೆ ಎಲ್ಲಿ ಹರಿದೀತು ಎಂಬುದು ಅವನ ಬೆರಳಿಗೆ ಗೊತ್ತು. ಅಂಚಿನ ಎಳೆ ಎಣಿಸುವ ಆ ಹುಡುಗ ಶಾಲೆಯ ಲೆಕ್ಕದಲ್ಲಿ ಫೇಲಾದರೆ ತಪ್ಪು ಎಲ್ಲಿದೆ? ಕುರಿಯ ಹಲ್ಲು ನೋಡಿ ವಯಸ್ಸು ಹೇಳುವ ಹುಡುಗ, ಎರಿ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಂಗಾರಿ ಬಿತ್ತಿಗೆ ಹದ ಬಂದಿದೆಯೋ ಇಲ್ಲವೋ ತಿಳಿಯುವ ಹುಡುಗ, ತಾಂಡಾದಲ್ಲಿ ಅವ್ವನ ಕಸೂತಿಯ ಕನ್ನಡಿ ಜೋಡಿಸುವ ಹುಡುಗಿ – ಇವರೆಲ್ಲರ ಬಳಿಯೂ ಒಂದೊಂದು ಚಾಣವಿದೆ. ಯಾರೂ ಅದನ್ನು ತರಗತಿಯಲ್ಲಿ ಹಾರಿಸು ಎಂದು ಕೇಳಿಲ್ಲ.

ಕಾಯ್ದೆಗಳು ಬಂದಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯ ಹಕ್ಕು ಕೊಟ್ಟಿತು. 2016ರ ತಿದ್ದುಪಡಿ 14ರ ಒಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿತು. ಮನೆಯ ಕಸುಬಿಗೆ ಶಾಲೆಯ ನಂತರ ನೆರವಾಗುವುದಕ್ಕೆ ವಿನಾಯಿತಿ ಇಟ್ಟಿತು. ಆದರೆ ಬಿಲ್ಲಿಯ ವಯಸ್ಸು 15. ಕಾಯ್ದೆಯ ಕೈ ಸಡಿಲವಾಗುವುದೂ, ಎಸ್ಸೆಸ್ಸೆಲ್ಸಿಯ ಜರಡಿ ಆಡುವುದೂ, ಗುಳೆಯ ಬಸ್ಸು ಕಾಯುವುದೂ ಅದೇ ವಯಸ್ಸಿನಲ್ಲಿ. ಅದಕ್ಕೇ ಈ ಬಗೆಯ ಚಿತ್ರಗಳೆಲ್ಲ ಆ ವಯಸ್ಸಿನ ಸುತ್ತಲೇ ಸುಳಿಯುತ್ತವೆ.

ಬಾರ್ನ್ಸ್‌ಲಿಯ ಚಿತ್ರಕ್ಕೆ ಬೇಕಾದದ್ದು ಊರನ್ನು ಬಲ್ಲ ಒಬ್ಬ ಶಿಕ್ಷಕ–ಲೇಖಕ, ಅಲ್ಲಿಯ ಶಾಲೆಯ ಒಬ್ಬ ಹುಡುಗ, ಅಲ್ಲಿಯ ನುಡಿಯನ್ನು ನಾಚದೆ ಆಡುವ ಧೈರ್ಯ. ಕಥೆ ಬರೆಯುವ ಶಿಕ್ಷಕರು ಈ ಮೂರೂ ತಾಲೂಕುಗಳಲ್ಲಿ ಇದ್ದಾರೆ. ಹುಡುಗರಂತೂ ಇದ್ದೇ ಇದ್ದಾರೆ. ಕ್ಯಾಮೆರಾ ಅವರ ಕಿಸೆಯಲ್ಲೇ ಇರುವ ಕಾಲ ಇದು. ಗಂಡುಗನ್ನಡಕ್ಕೆ ಇನ್ನು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಚಿತ್ರ ಆಗುವುದು ಮುಂದಿನ ಮಾತು. ನಾಳೆ ಬೆಳಿಗ್ಗೆ ಶಾಲೆಯ ಗಂಟೆ ಬಾರಿಸಿದಾಗ ಹಿಂದಿನ ಸಾಲಿನಲ್ಲಿ ತೂಕಡಿಸುವ ಒಬ್ಬ ಹುಡುಗ ಪ್ರತಿ ತರಗತಿಯಲ್ಲೂ ಇರುತ್ತಾನೆ. ಪತ್ರಿಕೆ ಹಾಕಿ ಬಂದವನೋ, ಕಂಡಿಕೆ ಸುತ್ತಿ ಬಂದವನೋ, ಗೋವೆಯಿಂದ ಹಬ್ಬಕ್ಕೆಂದು ತಿರುಗಿ ಬಂದವನೋ ಇದ್ದಾನು. ಅವನನ್ನು ಬೆಂಚಿನ ಮೇಲೆ ನಿಲ್ಲಿಸುವ ಮುಂಚೆ ‘ತಮ್ಮಾ, ನಿನಗ ಏನ ಬರತೈತಿ?’ ಎಂದು ಒಮ್ಮೆ ಕೇಳಿ, ಅವನು ಹೇಳಿ ಮುಗಿಸುವವರೆಗೆ ಸುಮ್ಮನೆ ನಿಲ್ಲುವುದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ.